ನೋಂಬಿನ ದಿನದ ಹತ್ತು ಪೊಟ್ಟಣ

ಆದಂ ಕುಂಞಿಯ ನಾಲಗೆಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ ಅಂತ ಕಾಣಿಯೂರಿನ ನೆರೆಕರೆಯವರು ಹೇಳುವುದಿತ್ತು. ಅವರ ಅಂಗಡಿಗೆ ಕಾಳುಮೆಣಸು ಮಾರಲು ಹೋದರೆ ತಕ್ಕಡಿಗಿಂತ ಮೊದಲು ಒಂದು ಕಾಳು ಅವರ ಬಾಯಿಗೆ. ಕಚ್ಚಿ, ಕಣ್ಣುಮುಚ್ಚಿ, ಇದು ಮಾವಿನ ಮರಕ್ಕೆ ಹಬ್ಬಿದ ಬಳ್ಳಿಯದ್ದು, ಒಂದು ಬಿಸಿಲು ಕಡಿಮೆಯಾಗಿದೆ ಅನ್ನುವರು. ಇವರಿಗೆ ಹೆಣ್ಣು ಕೊಟ್ಟವರು ಸಾರಿಗೆ ಉಪ್ಪು ಹಾಕಲಿಕ್ಕೂ ಹೆದರಿರಬೇಕು ಅಂತ ಪಕ್ಕದ ಮನೆಯ ಡೊಂಬಯ್ಯ ಗೌಡರ ತಮಾಷೆ.

ಬರುಬರುತ್ತಾ ಪೇಟೆಗೆ ಬೇರೆ ಮೆಣಸು ಬಂತು. ಲಂಕೆ ಸಣ್ಣ ದೇಶ, ಅಲ್ಲಿಯ ಬೆಳೆಗಾರರೂ ಬಡವರು ಅಂತ ಅಲ್ಲಿನ ಮೆಣಸಿಗೆ ಎರಡು ದೇಶಗಳ ವ್ಯಾಪಾರ ಒಪ್ಪಂದದಲ್ಲಿ ಸುಂಕ ಕಡಿಮೆ. ಆ ಹೆಸರು ಹೊದ್ದುಕೊಂಡು ಇನ್ನೆಲ್ಲಿಯದೋ ಮೆಣಸು ಹಡಗಿನಲ್ಲಿ ಬರತೊಡಗಿತು. ಇಲ್ಲಿಯ ದರ ಬಿತ್ತು. ಲಂಕೆಯವರಿಗೂ ಏನೂ ದಕ್ಕಲಿಲ್ಲ.

ಪ್ರೀತಿಕಾ ಸುಳ್ಯದ ಹುಡುಗಿ. ವ್ಯಾಪಾರದ ಮಾತುಕತೆಗೆ ಕೂರುವ ಬಡ ದೇಶಗಳಿಗೆ ಆಧಾರ ಒಟ್ಟುಮಾಡಿಕೊಡುವ ಸಂಸ್ಥೆಯೊಂದರಲ್ಲಿ ಕೆಲಸ. ಒಂದು ಮಧ್ಯಾಹ್ನ ಹತ್ತು ಪೊಟ್ಟಣ ಮೆಣಸು ಹಿಡಿದು ಆದಂ ಕುಂಞಿಯ ಅಂಗಡಿಗೆ ಬಂದಳು. ಯಾವುದು ಎಲ್ಲಿಯದು ಅಂತ ಅವಳ ಚೀಟಿಯಲ್ಲಿ ಮಾತ್ರ ಉಂಟು. ಹತ್ತನ್ನೂ ಸರಿಯಾಗಿ ಗುರುತಿಸಿದರೆ, ಮೆಣಸು ಎಲ್ಲಿಯದು ಅಂತ ಬಂದರಿನಲ್ಲೇ ಪರೀಕ್ಷೆ ಆಗಬೇಕು ಅಂತ ಎರಡೂ ದೇಶದವರು ಸೇರಿ ಕೇಳಬಹುದು ಅಂದಳು. ಸಂಜೆಯ ರೈಲಿಗೆ ಅವಳು ಹೊರಡಬೇಕಿತ್ತು.

ಅದು ನೋಂಬಿನ ತಿಂಗಳು, ರಂಜಾನಿನ ಉಪವಾಸ; ಹಗಲು ಬಾಯಿಗೆ ಒಂದು ಕಾಳೂ ಹಾಕುವಂತಿಲ್ಲ. ಆದಂ ಕುಂಞಿ ಅದನ್ನು ಹೇಳಲೇ ಇಲ್ಲ. ಹೇಳಿದರೆ ದೂರದಿಂದ ಬಂದ ಮಗು ಚಾ ಮುಟ್ಟುವುದಿಲ್ಲ ಅಂತ, ಹೆಂಡತಿ ನಫೀಸಮ್ಮನಿಂದ ಮೊದಲು ಚಾ ತರಿಸಿದರು. ಮತ್ತೆ ಕಾಳುಗಳನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ ಮೂಸಿ ಹೇಳಿದರು. ನೋಂಬಿನ ಹಗಲಿನಲ್ಲಿ ಅವರ ವ್ಯಾಪಾರವೇ ಹಾಗೆ. ಊರಿನ ಮೆಣಸಿಗೆ ಅಷ್ಟು ಸಾಕಾಗುತ್ತಿತ್ತು.

ಮೂರು ತಪ್ಪಿತು.

ಇನ್ನೊಮ್ಮೆ ನೋಡ್ತೀರಾ ಅಂತ ಪ್ರೀತಿಕಾ ಮೆಲ್ಲಗೆ ಕೇಳಿದಳು. ಅವರು ಹೊರಗೆ ಬಿಸಿಲು ನೋಡಿ ಬೇಡ ಅಂದರು. ಅವಳು ಕಂಡದ್ದನ್ನೇ ಬರೆದಳು. ಪಳಗಿದ ವ್ಯಾಪಾರಿಗೂ ವ್ಯತ್ಯಾಸ ತಿಳಿಯದು ಅಂತ ಆಯಿತು. ಪರೀಕ್ಷೆಯ ಬೇಡಿಕೆಯನ್ನು ಕೈಬಿಟ್ಟರು ಅಂತ ನಾಲ್ಕು ತಿಂಗಳ ಮೇಲೆ ಅವಳೇ ಫೋನ್ ಮಾಡಿ ತಿಳಿಸಿದಳು.

"ಸಂಜೆ ಬಾಂಗ್ ಆಗಿ ನೋಂಬು ಬಿಡುವವರೆಗೆ ಕೂತ್ಕೊ ಮಗಳೇ ಅಂತ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?" ನಫೀಸಮ್ಮ ಕೇಳಿದರು.

"ಅವಳಿಗೆ ರೈಲು ಇತ್ತಲ್ಲ."

"ಈಗಾದ್ರೂ ಹೇಳಬಹುದಿತ್ತು."

"ತಪ್ಪಿದ್ದು ನಾನು. ಅದನ್ನು ನೋಂಬಿನ ತಲೆಗೆ ಕಟ್ಟುದಾ?"

ಮತ್ತೆರಡು ವರ್ಷದಲ್ಲಿ ಹೆಚ್ಚಿನವರು ಬಳ್ಳಿಯ ಆರೈಕೆ ಬಿಟ್ಟರು. ಅಂಗಡಿಯೂ ಅದರ ಹಿಂದಿನ ಮನೆಯೂ ಬಾಡಿಗೆಯವು; ಎರಡನ್ನೂ ಬಿಡಬೇಕಾಯಿತು. ಮಂಗಳೂರಿನ ಒಂದು ಗೋದಾಮಿನಿಂದ ಕರೆ ಬಂತು. ಹಡಗಿನ ಮೆಣಸಿಗೆ ನಮ್ಮದನ್ನು ಎಷ್ಟು ಬೆರೆಸಿದರೆ ಕೊಳ್ಳುವವನಿಗೆ ಗೊತ್ತಾಗುವುದಿಲ್ಲ ಅಂತ ರುಚಿ ನೋಡಿ ಹೇಳುವ ಕೆಲಸ. ಆದಂ ಕುಂಞಿ ನಾಲ್ಕನೆಯ ದಿನ ಒಪ್ಪಿದರು.

ಹೊರಡುವ ಬೆಳಿಗ್ಗೆ ನಫೀಸಮ್ಮ ಗಂಟುಗಳೊಂದಿಗೆ ಆಗಲೇ ರಿಕ್ಷಾದಲ್ಲಿ ಕೂತಿದ್ದರು. ಡೊಂಬಯ್ಯ ಗೌಡರು ಒಂದು ಹಿಡಿ ಮೆಣಸು ತಂದು ಚಾಚಿದರು.

"ಇವತ್ತು ನೋಂಬು ಇಲ್ಲಲ್ಲ ಆದಮಾಕ, ಕಚ್ಚಿ ನೋಡಿ."

"ಈ ನಾಲಗೆ ಇನ್ನು ಸಂಬಳದ್ದು ಮಾರಾಯ್ರೆ."

ಕಾಳುಗಳನ್ನು ಕಿಸೆಗೆ ಹಾಕಿಕೊಂಡರು. ಬಾಗಿಲಿಗೆ ಬೀಗ ಜಡಿದು, ಮನೆಯ ಯಜಮಾನರಿಗೆ ಕೊಡಿ ಅಂತ ಕೀಲಿಕೈಯನ್ನು ಗೌಡರ ಕೈಯಲ್ಲಿಟ್ಟು, ಮೆಟ್ಟಿಲಿಳಿದರು.