ಜವರಕ್ಕ ಕೂರಿಸಿದ ರಿವಾಲ್ವರ್ ಹಿಡಿ

ಕುಶಾಲನಗರ ದಾಟಿ ಹಾಸನದ ಕಡೆಗೆ ಸ್ವಲ್ಪ ದೂರ ಹೋದರೆ ರಸ್ತೆಯ ಬಲಕ್ಕೆ ತಗಡಿನ ಮಾಡಿನ ಅಂಗಡಿಯೊಂದಿದೆ. ಬೋರ್ಡಿಲ್ಲ. ಗುದ್ದಲಿಯ ಕಾವು ಮುರಿದುಕೊಂಡವರು, ಕಾಫಿ ಗಿಡ ಸವರುವ ಕತ್ತಿಗೆ ಹಿಡಿ ಹಾಕಿಸಬೇಕಾದವರು ಜವರಕ್ಕನ ಅಂಗಡಿ ಎಲ್ಲಿ ಎಂದು ಕೇಳಿಕೊಂಡು ಬರುತ್ತಾರೆ. ಬಂದವರಿಗೆ ಜವರಿ ಮೊದಲು ಹೇಳುವ ಮಾತು ಒಂದೇ: "ಕೈ ಕೊಡಿ ನೋಡಾನ."

ಅಂಗೈ ಒತ್ತಿ, ಬೆರಳು ಮಡಿಸಿ ನೋಡಿದ ಮೇಲೆಯೇ ಅವಳು ಮರ ಹುಡುಕುವುದು. ಅವಳ ಅಪ್ಪ ಎತ್ತಿನಗಾಡಿ ಮಾಡುವ ಕೆಲಸಕ್ಕೆಂದು ಅರಕಲಗೂಡಿನಿಂದ ಬಂದು ಇಲ್ಲೇ ನಿಂತವನು. ಗಾಡಿಗಳನ್ನು ಕೇಳುವವರಿಲ್ಲದಂತಾದಾಗ ಕಾವು ಮಾಡತೊಡಗಿದ. ಅವನ ಉಳಿಯನ್ನು ಕೈಗೆತ್ತಿಕೊಂಡಾಗ ಜವರಿಗೆ ಹದಿನೆಂಟು, ಈಗ ಐವತ್ತಮೂರು. ಹೆಂಗಸು ಉಳಿ ಹಿಡಿದಳೆಂದು ಅಂದು ನಕ್ಕವರ ಮಕ್ಕಳೂ ಈಗ ಅವಳ ಗಿರಾಕಿಗಳು.

ಕಳೆದ ಫೆಬ್ರವರಿಯಲ್ಲಿ ನಾಪೋಕ್ಲು ಕಡೆಯ ಯಮುನ ಆರು ಕತ್ತಿ ತಂದಳು. ಮೂವತ್ತೆಂಟರ ಈ ಹೆಂಗಸು ಅಪ್ಪನ ತೋಟವನ್ನು ತಾನೇ ನಿಂತು ನೋಡಿಕೊಳ್ಳುವವಳು, ಜವರಿಗೆ ಹಳೆಯ ಪರಿಚಯ. ಅವಳ ಬಲಗೈಯ ಹೆಬ್ಬೆರಳಿನ ಸಂದಿಗೆ ಪ್ಲಾಸ್ಟರ್ ಅಂಟಿಸಿತ್ತು.

"ಇದೇನವ್ವ, ಕತ್ತಿ ಹಿಡಿ ಕಚ್ತಾ?"

"ಕತ್ತಿ ಅಲ್ಲ ಜವರಕ್ಕ, ರಿವಾಲ್ವರ್. ಮನೇಲಿ ಕೋವಿಗಳಿದ್ರೂ ಎಲ್ಲಾ ಅಪ್ಪನದ್ದು, ಅಣ್ಣನದ್ದು. ಇದು ನನ್ನ ಹೆಸರಲ್ಲಿ ಬಂದ ಮೊದಲನೇದು. ತಗೊಂಡು ತಿಂಗಳಾಗಿಲ್ಲ, ಹೊಡೆದಾಗಲೆಲ್ಲ ಇಲ್ಲೇ ಕುಯ್ಯುತ್ತೆ. ಅಂಗಡಿಯವನನ್ನು ಕೇಳಿದ್ರೆ, ಲೇಡೀಸ್ ಕೈಗೆ ಹಾಗೇ ಮೇಡಮ್, ಅಭ್ಯಾಸ ಆಗುತ್ತೆ ಅಂದ."

"ಕಾರ್ಖಾನೇಲಿ ಕೂರ್ಸಿದ ಹಿಡಿ ಏನು?"

"ಮರದ್ದೇ."

"ಮರದ್ದಾದ್ರೆ ತಂದು ತೋರ್ಸಿ. ನಿಮ್ ಕೈದು ತಪ್ಪೋ ಮರದ್ದು ತಪ್ಪೋ ನಾನು ಹೇಳ್ತೀನಿ."

ಗಂಡ ಲೋಕೇಶನಿಗೆ ಇದು ಹಿಡಿಸಲಿಲ್ಲ. ಗೂಡ್ಸ್ ಆಟೋ ಓಡಿಸುವ ಅವನಿಗೆ ಪೊಲೀಸರೆಂದರೆ ಮೊದಲಿನಿಂದಲೂ ಅಳುಕು. "ಗುದ್ದಲಿ ಕಾವು ಸಾಲ್ದಾ ನಿಂಗೆ? ನಾಳೆ ಪೊಲೀಸ್ನೋರು ಬಂದು ಕೇಳಿದ್ರೆ?"

"ಅವರು ಬರೋಗಂಟ ಯಾಕೆ ಕಾಯ್ಬೇಕು? ನಾನೇ ಹೋಗಿ ಕೇಳ್ಕಂಡು ಬತ್ತೀನಿ" ಎಂದವಳು ಮರುದಿನ ಬೆಳಿಗ್ಗೆಯೇ ಠಾಣೆಗೆ ಹೋದಳು. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಎರಡು ಮಾತು ಹೇಳಿದ: ಕಬ್ಬಿಣಕ್ಕೆ ಕೈ ಹಾಕಬಾರದು, ಮರದ ಕೆಲಸ ಮಾತ್ರ; ಲೈಸೆನ್ಸ್ ಇರುವವರು ಎದುರಿಗೇ ಕೂತಿರಬೇಕು, ಅವರು ಎದ್ದರೆ ರಿವಾಲ್ವರೂ ಅವರ ಜೊತೆಗೇ ಏಳಬೇಕು. ಜವರಿ ಅದನ್ನು ಹಾಗೆಯೇ ಯಮುನಳಿಗೆ ಫೋನಿನಲ್ಲಿ ಹೇಳಿ, "ಒಪ್ಪಿಗೆ ಆದ್ರೆ ಬುತ್ತಿ ಕಟ್ಕಂಡು ಬನ್ನಿ" ಎಂದಳು.

ಯಮುನ ಬಂದಳು. ಗುಂಡುಗಳನ್ನು ಮನೆಯಲ್ಲೇ ಬಿಟ್ಟಿದ್ದಳು. ಆದರೂ ರಿವಾಲ್ವರಿನ ಉರುಳೆಯನ್ನು ಹೊರಕ್ಕೆ ತೆಗೆದು ಗುಂಡು ಕೂರುವ ಆರು ಮನೆಯೂ ಖಾಲಿಯೆಂದು ತೋರಿಸಿದ ಮೇಲೆಯೇ ಬೆಂಚಿನ ಮೇಲಿಟ್ಟಳು. ಜವರಿ ಕನ್ನಡಕ ಏರಿಸಿ, ಹಿಡಿಯ ಎರಡು ಹೋಳುಗಳ ಮೇಲೆ ಉಗುರಾಡಿಸಿದಳು. ಎಡಗಡೆಯ ಹೋಳು ಸ್ಕ್ರೂ ಬಿಗಿಯಾಗಿದ್ದರೂ ಅಲ್ಲಾಡುತ್ತಿತ್ತು. ಬಲಗಡೆಯದು ಬೆನ್ನಿನ ಉಕ್ಕಿಗಿಂತ ಕೂದಲೆಳೆಯಷ್ಟು ಎತ್ತರ ನಿಂತು, ಆ ಅಂಚೇ ಚೂರಿಯಂತೆ ಕೆಲಸ ಮಾಡುತ್ತಿತ್ತು.

"ಇದು ನಿಮ್ ಕೈ ತಪ್ಪಲ್ಲ ಕಣವ್ವ. ಯಾವನೋ ಸಂಜೆ ಬಸ್ಸಿಗೆ ಹೊತ್ತಾಯ್ತು ಅಂತ ಉಜ್ಜದೆ ಬಿಟ್ಟವ್ನೆ."

ಯಮುನ ನಕ್ಕುಬಿಟ್ಟಳು. ತಿಂಗಳಿನಿಂದ ತನ್ನ ಕೈಯನ್ನೇ ಅನುಮಾನಿಸಿಕೊಂಡು ಬಂದವಳಿಗೆ ಈ ಒಂದು ಮಾತಿನಿಂದ ಅರ್ಧ ಗಾಯ ವಾಸಿಯಾದಂತೆನಿಸಿತು.

ಮೂರು ವರ್ಷದಿಂದ ಅಟ್ಟದಲ್ಲಿ ಒಣಗುತ್ತಿದ್ದ ಹಳೆಯ ರೊಬಸ್ಟಾ ಕಾಫಿಯ ಬೊಡ್ಡೆಯೊಂದನ್ನು ಜವರಿ ಇಳಿಸಿದಳು. ಕಾಫಿ ಮರ ಗಟ್ಟಿ, ಎಳೆ ಸಣ್ಣದು, ಸೀಳುವುದು ಕಡಿಮೆ. ಎರಡು ಹೋಳು ಕೊಯ್ದು, ಒಳಮುಖ ಕೆತ್ತಿ, ತನ್ನ ಕಾಡಿಗೆ ಡಬ್ಬಿ ತೆರೆದು ಉಕ್ಕಿನ ಅಂಚಿಗೆ ತೆಳ್ಳಗೆ ಸವರಿದಳು. ಮರವನ್ನು ಒತ್ತಿ ತೆಗೆದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಕಪ್ಪು ಹತ್ತುತ್ತಿತ್ತು. ಆ ಕಪ್ಪನ್ನಷ್ಟೇ ಕೆರೆದು ಮತ್ತೆ ಒತ್ತುವುದು. ಹೀಗೆ ಮೂವತ್ತು ನಲವತ್ತು ಸಲ. ರಾತ್ರಿ ಯಮುನ ರಿವಾಲ್ವರನ್ನು ಜೊತೆಗೇ ಒಯ್ದು ಮರುದಿನ ಮತ್ತೆ ತಂದಳು. ಎರಡನೆಯ ದಿನ ಸಂಜೆಗೆ ಉಕ್ಕಿಗೂ ಮರಕ್ಕೂ ನಡುವೆ ಸಿಗರೇಟ್ ಪ್ಯಾಕಿನ ಹಾಳೆಯೂ ತೂರದಂತಾಯಿತು. ಹಿಡಿಯ ಕೆಳತುದಿಯಲ್ಲಿ ಸ್ವಲ್ಪ ದಪ್ಪ ಬಿಟ್ಟು, ಎಣ್ಣೆ ಉಜ್ಜಿ, ಹೊಳಪು ಬರಿಸಿ ಕೊಟ್ಟಳು.

ವಾರ ಕಳೆದು ಯಮುನ ಹಿಂತಿರುಗಿದಳು, ಹೇಳಲು ಸಂಕೋಚಪಡುತ್ತ. "ಕುಯ್ಯೋದು ನಿಂತಿದೆ ಜವರಕ್ಕ. ಆದ್ರೆ ಒಂದೊಂದು ಗುಂಡಿಗೂ ಅದು ಕೈಯೊಳಗೆ ಮೇಲೇರುತ್ತೆ. ಪ್ರತಿ ಸಲ ಹಿಡಿದಿದ್ದನ್ನು ಸರಿ ಮಾಡ್ಕೋಬೇಕು."

ಜವರಿ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟಳು. "ಹೊಡೆಯೋದನ್ನ ನಾನು ಕಣ್ಣಾರೆ ನೋಡ್ಬೇಕು. ಕರ್ಕೊಂಡೋಗ್ತೀರಾ?"

ಮುಂದಿನ ಭಾನುವಾರ ಯಮುನಳ ಜೀಪಿನಲ್ಲಿ ಅವಳು ಮಡಿಕೇರಿ ಹತ್ತಿರದ ಗುರಿ ಅಭ್ಯಾಸದ ಮೈದಾನಕ್ಕೆ ಹೋದಳು. ಅಲ್ಲಿದ್ದವರೆಲ್ಲ ಗುರಿ ಹಲಗೆಯತ್ತ ನೋಡುತ್ತಿದ್ದರೆ, ಕಿವಿಗೆ ಹತ್ತಿ ತುರುಕಿಕೊಂಡು ಹಿಂದಿನ ಗೆರೆಯಲ್ಲಿ ನಿಂತ ಜವರಿ ಮಾತ್ರ ಯಮುನಳ ಮಣಿಕಟ್ಟಿನಿಂದ ಕಣ್ಣು ತೆಗೆಯಲಿಲ್ಲ. ಮೊದಲ ಶಬ್ದಕ್ಕೆ ಬೆಚ್ಚಿದಳು. ಮೂರನೆಯದಕ್ಕೆ ವಿಷಯ ತಿಳಿದುಹೋಯಿತು.

"ತಪ್ಪು ನಂದು" ಎಂದಳು, ಯಮುನ ರಿವಾಲ್ವರ್ ಖಾಲಿ ಮಾಡಿ ಹತ್ತಿರ ಬಂದಾಗ. "ಕತ್ತಿ ಬೀಸಿದ್ರೆ ಅದು ಕೈಯಿಂದ ಆಚೆಗೆ ಹಾರಕ್ಕೆ ನೋಡ್ತದೆ. ಅದಕ್ಕೇ ತುದೀಲಿ ದಪ್ಪ ಬಿಡೋದು. ಇದು ಅಂಗೈ ಒಳಕ್ಕೇ ನುಗ್ತದೆ, ಇದಕ್ಕೆ ದಪ್ಪ ಮೇಲೆ ಬೇಕು. ನಾನು ಕತ್ತಿಗೆ ಮಾಡ್ದಂಗೆ ಮಾಡಿವ್ನಿ. ಕಿತ್ತಾಕಿ, ಬೇರೆ ಮಾಡಾನ."

"ಇಷ್ಟು ಚೆಂದ ಇದೆಯಲ್ಲ, ಇದನ್ನೇ ಸ್ವಲ್ಪ ಕೆರೆದು..."

"ಕೆರೆದು ಮೇಲಿನ ಭಾಗ ದಪ್ಪ ಮಾಡಕಾಯ್ತದಾ? ಬನ್ನಿ, ಮರ ಐತೆ."

ಮರುದಿನ ಅಂಗಡಿಯಲ್ಲಿ, ಎರಡನೆಯ ಜೋಡಿ ಹೋಳುಗಳಿಗೆಂದು ಅವಳು ಮೊದಲು ಜೇನುಮೇಣದ ಮುದ್ದೆಯನ್ನು ಯಮುನಳ ಕೈಗೆ ಕೊಟ್ಟು, ಗುರಿ ಹಿಡಿದಂತೆ ಅಮುಕಿಸಿದಳು. ಆ ಅಚ್ಚು ಪಕ್ಕದಲ್ಲಿಟ್ಟುಕೊಂಡು, ಹೆಬ್ಬೆರಳ ಸಂದಿ ಕೂರುವ ಜಾಗವನ್ನು ಅಗಲವಾಗಿಯೇ ಉಳಿಸಿದಳು, ಕಿರುಬೆರಳಿನ ಕಡೆ ಸಣ್ಣ ಮಾಡಿದಳು. ಹೊಳಪಿನ ಬದಲು ಸಣ್ಣ ಅರದಿಂದ ಅಡ್ಡ ಗೆರೆ ಎಳೆದು ಮೈ ಒರಟಾಗಿಸಿದಳು. ಮಧ್ಯಾಹ್ನ ಇಬ್ಬರೂ ಯಮುನ ತಂದ ಅಕ್ಕಿರೊಟ್ಟಿ ಹಂಚಿಕೊಂಡು ತಿಂದರು. ನಾಲ್ಕು ಗಂಟೆಗೆ ಸ್ಕ್ರೂ ಬಿಗಿಯಾಯಿತು.

ಯಮುನ ಕಣ್ಣು ಮುಚ್ಚಿ ರಿವಾಲ್ವರನ್ನು ಖಾಲಿ ಗೋಡೆಯತ್ತ ಎತ್ತಿದಳು. ಕಣ್ಣು ತೆರೆದಾಗ ನಳಿಗೆಯ ಮೇಲಿನ ಗುರಿಮೊನೆ ಕಣ್ಣಿನ ನೇರಕ್ಕೇ ನಿಂತಿತ್ತು. ಒಮ್ಮೆ ಇಳಿಸಿ ಮತ್ತೆ ಎತ್ತಿದಳು. ಆಗಲೂ ಅಲ್ಲೇ.

ಅದರ ಮುಂದಿನ ಭಾನುವಾರ ಮೈದಾನದಿಂದ ಯಮುನ ಫೋನ್ ಮಾಡಿದಳು. "ಆರಕ್ಕೆ ಆರೂ ಒಂದು ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲಿ! ಕೈ ಒಂದು ಸಲವೂ ಸರಿಮಾಡ್ಕೊಳ್ಳಲಿಲ್ಲ ಜವರಕ್ಕ."

"ಇನ್ನೇನು ಮತ್ತೆ" ಎಂದಳು ಜವರಿ, ಅದರಲ್ಲಿ ಆಶ್ಚರ್ಯವೇನೂ ಇಲ್ಲವೆನ್ನುವಂತೆ. ಫೋನಿಟ್ಟ ಮೇಲೆ ಲೋಕೇಶನಿಗೆ ಮೂರು ಸಲ ಅದನ್ನೇ ಹೇಳಿದಳು.

ಸುದ್ದಿ ಹಬ್ಬಿತು. ಮಾರ್ಚ್ ಕೊನೆಗೆ ಹುದಿಕೇರಿಯಿಂದ ನಿವೃತ್ತ ಸುಬೇದಾರರೊಬ್ಬರು ಕಾರಿನಲ್ಲಿ ಬಂದಿಳಿದು, ತಮ್ಮ ಹಳೆಯ ರಿವಾಲ್ವರಿಗೂ ಅಂಥದ್ದೇ ಕಾಫಿ ಮರದ ಹಿಡಿ ಬೇಕೆಂದರು. ಜವರಿ ಅವರ ಕೈ ಹಿಡಿದು ನೋಡಿದಳು, ರಿವಾಲ್ವರ್ ಹಿಡಿಸಿ ನೋಡಿದಳು, ಹಿಡಿ ಬಿಚ್ಚಿ ಕಾಡಿಗೆ ಹಚ್ಚಿ ಒತ್ತಿಯೂ ನೋಡಿದಳು. ಅಂಚಿನ ಸುತ್ತ ಎಲ್ಲೂ ಬಿಡದೆ ಒಂದೇ ಸಮನೆ ಕಪ್ಪು ಹತ್ತಿತು.

"ಇದನ್ನ ಮಾಡಿದೋನು ಕೆಲಸ ಬಲ್ಲೋನು ಸಾ. ನಿಮ್ ಕೈಗೂ ಸರಿಯಾಗೈತೆ. ಯಾಕೆ ಕೀಳಿಸ್ತೀರಿ? ಕಾಫಿ ಕುಡ್ಕಂಡು ಹೋಗಿ" ಎಂದು ಸ್ಟೂಲು ಸರಿಸಿ ಕೊಟ್ಟಳು.