ಅತ್ತೆಯನ್ನು ಮರೆಸಲು ಹೋಗಿದ್ದು

ನಮ್ಮ ಹುಣಸೂರು ಕಡೆ ಅಳುವ ಮಗುವನ್ನು ಎತ್ತಿಕೊಂಡವರಿಗೆ 'ವಸಿ ಮರೆಸು' ಎನ್ನುತ್ತಾರೆ. ಕಾಗೆ ತೋರಿಸಿಯೋ, ರಸ್ತೆಯ ಬಸ್ಸು ತೋರಿಸಿಯೋ ಅದರ ಮನಸ್ಸನ್ನು ಬೇರೆ ಕಡೆ ತಿರುಗಿಸಬೇಕು. ನೋವು ಹೋಗುವುದಿಲ್ಲ. ಸ್ವಲ್ಪ ಹೊತ್ತು ಮಗು ಅದರ ಕಡೆ ನೋಡುವುದಿಲ್ಲ, ಅಷ್ಟೇ.

ನನ್ನ ಗಂಡನ ತಂಗಿಯನ್ನು ಹಾರನಹಳ್ಳಿಗೆ ಕೊಟ್ಟಿದ್ದೆವು. ಜ್ವರವೆಂದು ಆಸ್ಪತ್ರೆ ಸೇರಿದವಳು ಒಂದು ಮುಂಜಾನೆ ತೀರಿಕೊಂಡಳು. ಫೋನ್ ಬಂದಾಗ ನನ್ನ ಗಂಡ ಕೊಟ್ಟಿಗೆ ಹಿಂದೆ ನಿಂತು ಅತ್ತು, ಮುಖ ತೊಳೆದು ಬಂದರು. ನಮ್ಮತ್ತೆಗೆ ಎದೆನೋವು, ಕಣ್ಣೂ ಮಂಜು.

"ಅವ್ವಂಗೆ ಯೋಳ್ಬ್ಯಾಡ ಕಣೆ. ನಾವು ಒಂಟೋಗೋಗಂಟ ಎಂಗಾದ್ರೂ ಮರೆಸು. ಆಮೇಕೆ ಪಕ್ಕದ್ಮನೆ ಅಕ್ಕ ಬಂದು ಕೂತ್ಕತಾರೆ."

ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ. ಅಂಗಡಿ ತೆರೆಯುವ ಹೊತ್ತಲ್ಲ. ಮನೆಯಲ್ಲಿ ಹೊಸ ಸೀರೆ ಇದ್ದದ್ದು ಅತ್ತೆಯ ಮಂಚದ ಕೆಳಗಿನ ಟ್ರಂಕಿನಲ್ಲಿ ಮಾತ್ರ. ದೇವರ ಗೂಡಿಗೆ ಕೈಮುಗಿದು ಒಳಗೆ ಹೋದೆ.

"ಏನ್ ಮಗ ತಡಕ್ತಿದ್ದೀಯೆ?"

"ಜಿರಳೆ ಆಗವೆ ಅತ್ತೆ, ಗುಳಿಗೆ ಮಡುಗ್ತಿವ್ನಿ. ಆ ಕೆಂದಸ ಮೇವೇ ಮುಟ್ಟಿಲ್ಲ, ಏನ್ ಕೊಡಾದು?"

ಹಸುವಿನ ಮಾತೆತ್ತಿದರೆ ಅತ್ತೆ ನಿಲ್ಲಿಸುವವರಲ್ಲ. ಓಮ, ಶುಂಠಿ, ಬೆಲ್ಲ ಎಂದು ಶುರುಮಾಡಿದರು. ನಾನು ಹ್ಞೂಂಗುಟ್ಟುತ್ತಾ ಮೇಲಿದ್ದ ನೀಲಿ ಸೀರೆ ಎಳೆದುಕೊಂಡೆ. ಅವರ ಮಾತು ನಿಂತಿತು.

"ಯಾವ್ ಬಣ್ಣದ್ದು ತಗಂಡೆ?"

ನಾನು ಸೀರೆಯನ್ನು ಸೆರಗಿನ ಮರೆಗೆ ಸೇರಿಸಿದೆ.

"ಅಡೀಲಿ ಅಸ್ರು ಸೀರೆ ಅದೆ. ಗೌರಿ ಅಬ್ಬಕ್ಕೆ ಅವ್ಳಿಗೆ ಅಂತ ಮಡುಗಿದ್ದೆ, ಅದ್ನೇ ತಗೊ. ಕೊಟ್ಗೆ ಇಂದೆ ನನ್ ಮಗ ಅಳಾದು ನಂಗೆ ಕೇಳ್ಸಾಕಿಲ್ವಾ?"

ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಅಂಚಿಗೆ ಅರಿಶಿನ ಹಚ್ಚಿದರು. ಬೇಡವೆಂದರೂ ಕೇಳದೆ ಕಾರು ಹತ್ತಿದರು.

ಕಾರು ಓಡಿಸುತ್ತಿದ್ದ ನನ್ನ ಗಂಡ ಮತ್ತೆ ಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಕಂಡರೋ, ಉಸಿರಲ್ಲೇ ತಿಳಿದರೋ, ಅತ್ತೆ ಹಿಂದಿನ ಸೀಟಿನಿಂದ ಕೇಳತೊಡಗಿದರು: "ಇಲ್ಲಿ ಒಗೆಸೊಪ್ಪು ಎಂಗದ್ಲಾ? ಮುಂದ್ಲ ಒಲ್ದಲ್ಲಿ ಏನ್ ಆಕವ್ರೆ?" ನನ್ನ ಗಂಡ ಒಂದೊಂದೇ ಹೊಲ ನೋಡಿ ಹೇಳುತ್ತಾ ಓಡಿಸಿದರು. ದೇವರ ದಯೆ, ದಾರಿಯಲ್ಲಿ ಏನೂ ಆಗಲಿಲ್ಲ.

ಹಾರನಹಳ್ಳಿಯಲ್ಲಿ ನಮಗಾಗಿ ಕಾದಿದ್ದರು. ಅತ್ತೆ ಮಗಳ ಮುಖವನ್ನು ಬೆರಳಿನಿಂದ ಸವರಿ ನೋಡಿ, ಸೀರೆಯನ್ನು ತಾವೇ ಹೊದಿಸಿದರು. ಹೆತ್ತ ಕೈಯಿಂದ ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಹೆಣ ಎತ್ತುವಾಗ ಅವರನ್ನು ತಬ್ಬಿಕೊಂಡು ಒಳಗೆ ಹೋಗೋಣವೆಂದೆ, ನೀರು ಬೇಕೇ ಎಂದೆ, ಮೊಮ್ಮಕ್ಕಳ ಹೆಸರು ಹೇಳಿದೆ. ಅವರು ಯಾವುದಕ್ಕೂ ಕಿವಿಗೊಡಲಿಲ್ಲ.