ಖಾದರ್ ಸಾಬರು ಮತ್ತು ಕಚ್ಚಿಕೊಂಡ ಚಕ್ರ

ಖಾದರ್ ಬಾಷಾ ನಮ್ಮ ದೊಡ್ಡಮ್ಮನ ಮನೆಯ ಕಾರು ಓಡಿಸುತ್ತಿದ್ದರು. ನಾನೂ ಆ ಮನೆಯಲ್ಲೇ ಇದ್ದೆ; ನಮಗೆಲ್ಲ ಅವರು ಸಾಬರು. ಇಡೀ ಯಶವಂತಪುರದಲ್ಲಿ ಅಂಥ ನಿಯತ್ತಿನ ಮನುಷ್ಯ ಸಿಗುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ಹೊಗಳುವವರಿಗೇನು, ಬಾಯಿಗೆ ಖರ್ಚಿಲ್ಲ. ನನಗಂತೂ ಆ ನಿಯತ್ತನ್ನು ನೋಡಿ ನೋಡಿ ಸಾಕಾಗಿಹೋಗಿತ್ತು. ಅದರ ಭಾರವೆಲ್ಲ ಬಿದ್ದದ್ದು ಅವರ ಹೆಂಡತಿ ಬದರುನ್ನೀಸಾಳ ತಲೆಯ ಮೇಲೆ.

ಬದರುನ್ನೀಸಾ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಬೆಳಕು ಹರಿಯುವ ಮೊದಲೇ ಮಣೆಯ ಮುಂದೆ ಕೂತರೆ ದೀಪ ಹಚ್ಚುವವರೆಗೂ ಅದೇ ಕೆಲಸ. ನಡುವೆ ಅಡುಗೆ, ನೀರು, ಮಧ್ಯಾಹ್ನ ಗಂಡನಿಗೆ ಬುತ್ತಿ. ಆಕೆ ಬುತ್ತಿ ತಂದಾಗ ಅಂಗೈ ಎರಡೂ ಕಪ್ಪಗಿರುತ್ತಿದ್ದವು. ಹೊಸೆದ ಬತ್ತಿಯ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಮತ್ತೀಕೆರೆಯ ತನಕ ನಡೆದು ಕೊಟ್ಟುಬರಬೇಕಿತ್ತು. ಒಂದು ಬೇಸಿಗೆಯಲ್ಲಿ ಆಕೆ ಹೀಗೆ ಹೋಗುತ್ತಿದ್ದಾಗ ನಮ್ಮ ಕಾರು ಪಕ್ಕದಲ್ಲೇ ಹಾದುಹೋಯಿತಂತೆ. ಒಳಗೆ ಸಾಬರೊಬ್ಬರೇ. ಹಿಂದಿನ ಸೀಟು ಖಾಲಿ. ಆಕೆ ನಿಂತು ನೋಡಿದಳಂತೆ. ಸಾಬರು ನೇರ ಮುಂದೆ ನೋಡಿಕೊಂಡು ಹೊರಟೇಹೋದರಂತೆ.

ಇದನ್ನು ಆಕೆಯೇ ನಮ್ಮ ಜಗಲಿಯ ಮೇಲೆ ಕೂತು ನಗುನಗುತ್ತ ಹೇಳಿದಳು. "ಒಂದ್ಸಲನಾದ್ರೂ ಆ ಗಾಡೀಲಿ ಕೂರ್ಬೇಕು ಅಂತ ಆಸೆ ತಾಯಿ. ಈ ಮನುಷ್ಯ ಬದುಕಿರೋವರ್ಗೂ ಆಗಲ್ಲ ಬಿಡಿ."

ನಾನು ಸುಮ್ಮನಿರುವ ಜಾಯಮಾನದವಳಲ್ಲ. ನೇರ ಹೋಗಿ ಸಾಬರನ್ನು ಕೇಳಿದೆ. "ಯಾಕ್ರೀ ಸಾಬ್ರೇ, ಹೆಂಡ್ತಿ ಬಿಸಿಲಲ್ಲಿ ನಡೀತಿದ್ರೆ ನಿಮ್ಗೆ ಕಣ್ ಕಾಣಲ್ವಾ?"

"ಕಾಣುತ್ತೆ ತಾಯಿ. ಆದ್ರೆ ಗಾಡಿ ಯಜಮಾನ್ರುದು" ಎಂದರು. ಆ ಮನುಷ್ಯನ ಹತ್ತಿರ ಜಗಳ ಆಡುವುದಕ್ಕೂ ಏನೂ ಸಿಗುತ್ತಿರಲಿಲ್ಲ.

ಯಜಮಾನರು ಎಂದರೆ ನಮ್ಮ ದೊಡ್ಡಪ್ಪ ವೆಂಕಟರಾಮಯ್ಯ. ತೆಂಗಿನಕಾಯಿ ವ್ಯಾಪಾರ. ಸ್ವಾತಂತ್ರ್ಯ ಬಂದ ಮೇಲೆ ಆ ಬೀದಿಗೆ ಬಂದ ಮೊದಲ ಕಾರು ಅವರದು, ಕರಿಯ ಮಾರಿಸ್ ಗಾಡಿ. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಕಾರಿನಲ್ಲಿ ಹೋಗುವವರೇ ಇರಲಿಲ್ಲ. ದೊಡ್ಡಮ್ಮ ಗೌರಮ್ಮನವರು ಹೊಸ್ತಿಲು ದಾಟುವುದನ್ನೇ ಬಿಟ್ಟರು. ಆದರೂ ಸಾಬರು ದಿನಾ ಬರುತ್ತಿದ್ದರು. ಕಾರು ಒರೆಸಿ, ಸ್ಟಾರ್ಟ್ ಮಾಡಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ ಓಡಿಸಿ, ಮತ್ತೆ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದರು. ಆಮೇಲೆ ನೆರಳಿನಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ನೋಡುವವರಿಗೇ ಆಯಾಸವಾಗುತ್ತಿತ್ತು.

"ಒಂದಿನ ಬದರುನ್ನೀಸಾನ ಕರ್ಕೊಂಡು ಎಲ್ಲಾದ್ರೂ ಹೋಗ್ಬನ್ನಿ ಸಾಬ್ರೇ. ಗಾಡಿ ಸುಮ್ನೇ ನಿಂತಿದೆ" ಎಂದು ದೊಡ್ಡಮ್ಮನೇ ಹೇಳಿದ್ದುಂಟು. ಸಾಬರು ತಲೆ ಬಗ್ಗಿಸಿ, "ಆಗ್ಲಿ ಅಮ್ಮಾವ್ರೇ" ಎನ್ನುವರು. ಹೋಗುತ್ತಿರಲಿಲ್ಲ. ಯಜಮಾನರು ಬದುಕಿದ್ದಾಗ ಮಾಡದ ಕೆಲಸವನ್ನು ಅವರು ಸತ್ತ ಮೇಲೆ ಮಾಡಿದರೆ ಕಳ್ಳತನದಂತೆ ಅಂತ ಅವರ ಲೆಕ್ಕ.

ಕೊನೆಗೆ ಕಾರು ಮಾರುವುದೆಂದಾಯಿತು. ನೆಲಮಂಗಲದ ಕಡೆಯ ಬ್ಯಾಟರಾಯಪ್ಪ ಎಂಬುವವರು ನೋಡಿ ಒಪ್ಪಿದರು. ಆದರೆ ಒಂದು ಮಾತು ಹೇಳಿಹೋದರು. "ನಾಲ್ಕೂ ಚಕ್ರ ಬಿಚ್ಚಿ ಒಳಗಡೆ ಬ್ರೇಕು ನೋಡ್ಬೇಕು. ಶುಕ್ರವಾರ ಸಾಯಂಕಾಲ ಬರ್ತೀನಿ. ಸರಿಯಾಗಿದ್ರೆ ಅವತ್ತೇ ತಗೊಂಡ್ ಹೋಗ್ತೀನಿ." ಅವರಿಗೆ ಅವರದೇ ಡ್ರೈವರು ಇದ್ದ. ಎಂದರೆ ಶುಕ್ರವಾರಕ್ಕೆ ಸಾಬರ ಕೆಲಸವೂ ಮುಗಿಯಿತು, ಬದರುನ್ನೀಸಾಳ ಆಸೆಯೂ ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಸಾಬರು ಜಾಕಿ ಹಾಕಿ ಚಕ್ರ ಬಿಚ್ಚಲು ಕೂತರು. ಮೂರು ಚಕ್ರ ಸಲೀಸಾಗಿ ಬಂದವು. ನೋಡಿ, ಒರೆಸಿ, ಮತ್ತೆ ಹಾಕಿದರು. ಎಡಗಡೆಯ ಮುಂದಿನ ಚಕ್ರ ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ನಟ್ಟುಗಳೆಲ್ಲ ಕಳಚಿ ಕೈಗೆ ಬಂದವು. ಚಕ್ರ ಮಾತ್ರ ಅಚ್ಚಿನ ತುದಿಯ ಕಬ್ಬಿಣದ ಹಬ್ಬಿಗೆ ತುಕ್ಕಿನಿಂದ ಕಚ್ಚಿಕೊಂಡು ಕೂತಿತ್ತು. ಸಾಬರು ಸೀಮೆಎಣ್ಣೆ ಬಿಟ್ಟು ಕಾದರು. ಕಾರಿನ ಕೆಳಗೆ ಮಲಗಿ ಹಿಂದಿನಿಂದ ಮರದ ತುಂಡಿನಲ್ಲಿ ಹೊಡೆದರು. ಕೂತು ಎರಡೂ ಕಾಲಿನಿಂದ ಒದ್ದರು. ಅದು ಮಿಸುಕಲಿಲ್ಲ. ಉಸಿರು ಬಿಡುತ್ತ ಗೋಡೆಗೊರಗಿದಾಗ ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ.

ಅದು ಯಾಕೆ ಕಚ್ಚಿಕೊಂಡಿತು ಎನ್ನುವುದು ನಮ್ಮ ಮನೆಯ ಮಂದಿಗೇ ಹೇಳಿಮಾಡಿಸಿದ ಕತೆ. ಕೊಟ್ಟಿಗೆಯಲ್ಲಿ ಆ ಚಕ್ರ ಬೀದಿಯ ಕಡೆಗಿತ್ತು. ಜನರ ಕಣ್ಣು ಮೊದಲು ಬೀಳುವುದು ಅದರ ಮೇಲೆ ಎಂದು ದೊಡ್ಡಮ್ಮ ಪ್ರತಿ ಅಮಾವಾಸ್ಯೆಗೂ ಕಾರಿಗೆ ದೃಷ್ಟಿ ತೆಗೆಸಿ, ಅರಿಶಿನ, ಸುಣ್ಣ, ಉಪ್ಪು ಕದಡಿದ ನೀರನ್ನು ಅದರ ಮೇಲೇ ಸುರಿಸುತ್ತಿದ್ದರು. ಸಾಬರ ಎದುರಿಗೆ ಮಾಡಿದರೆ ಅವರಿಗೆ ಇರುಸುಮುರುಸಾದೀತು ಎಂದು ಅವರು ಮನೆಗೆ ಹೋದ ಮೇಲೆ ಮಾಡಿಸುವರು. ಮರುದಿನ ಸಾಬರು ಆ ಕೆಂಪು ಕಲೆಯನ್ನು ಕಂಡು, ಒಂದು ಮಾತೂ ಆಡದೆ ಒರೆಸುವರು. ಉಪ್ಪು ಕಬ್ಬಿಣ ತಿನ್ನುತ್ತದೆ ಎಂದು ಅವರಿಗೆ ಗೊತ್ತಿಲ್ಲವೇ? ಆದರೆ ಸಾಬಿ ಬಂದು ಪೂಜೆಗೆ ಅಡ್ಡ ಬಾಯಿ ಹಾಕಿದ ಎನ್ನಿಸಿಕೊಳ್ಳಬಾರದು. ಇವರು ಅವರಿಗೆ ಮರ್ಯಾದೆ ಕೊಟ್ಟರು, ಅವರು ಇವರಿಗೆ ಮರ್ಯಾದೆ ಕೊಟ್ಟರು. ನಡುವೆ ಚಕ್ರ ತುಕ್ಕು ಹಿಡಿಯಿತು.

ಬದರುನ್ನೀಸಾ ಬುತ್ತಿ ತಂದಾಗ ಸಾಬರು ಊಟ ಮಾಡುವ ಸ್ಥಿತಿಯಲ್ಲೇ ಇರಲಿಲ್ಲ. ನಟ್ಟುಗಳನ್ನು ಮತ್ತೆ ಹಾಕಿ, ಪೂರ್ತಿ ಬಿಗಿಯದೆ ಸ್ವಲ್ಪ ಸಡಿಲ ಬಿಟ್ಟು, ಜಾಕಿ ಇಳಿಸಿದರು.

"ಇನ್ನು ಒಂದೇ ದಾರಿ ಅಮ್ಮಾವ್ರೇ" ಎಂದರು ದೊಡ್ಡಮ್ಮನಿಗೆ. "ಗಾಡೀಲಿ ಭಾರ ಹಾಕಿ, ಹಿಂದೆ ಮುಂದೆ ಓಡಿಸಿ ಗಕ್ಕನೆ ಬ್ರೇಕ್ ಹಾಕ್ಬೇಕು. ಆ ಜಗ್ಗಾಟಕ್ಕೆ ತುಕ್ಕು ಬಿಟ್ರೆ ಬಿಡ್ಬೇಕು. ಮೂಟೆ ಏನಾದ್ರೂ ಇದ್ಯಾ?"

ತೆಂಗಿನಕಾಯಿ ವ್ಯಾಪಾರ ನಿಂತ ಮನೆಯಲ್ಲಿ ಮೂಟೆ ಎಲ್ಲಿಂದ ಬರಬೇಕು? ದೊಡ್ಡಮ್ಮ ಅತ್ತಿತ್ತ ನೋಡಿ, "ಮೂಟೆ ಯಾಕೆ? ನಾವಿದೀವಲ್ಲ" ಎಂದರು. ನನ್ನ ಕಡೆ ತಿರುಗಿ, "ಅಂಜನಾ, ನೀನು ಮುಂದೆ ಹತ್ತು. ನೀನೊಬ್ಳೇ ಒಂದು ಮೂಟೆ. ಬದರುನ್ನೀಸಾ, ಬಾರಮ್ಮ, ನಾವಿಬ್ರೂ ಹಿಂದೆ."

ಬದರುನ್ನೀಸಾ ಗಂಡನ ಮುಖ ನೋಡಿದಳು. ಸಾಬರು ಹಿಂದಿನ ಬಾಗಿಲು ತೆರೆದರು. ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಪ್ಪಲಿಯನ್ನು ನೆಲದ ಮೇಲೆ ಬಿಟ್ಟು, ಒಳಗೆ ಕೂತಳು. ಇಷ್ಟು ವರ್ಷದ ಆಸೆ ಹೀಗೆ ಮೂಟೆಯ ಲೆಕ್ಕದಲ್ಲಿ ನೆರವೇರಬೇಕೆ ಎಂದು ನನಗೆ ಹೊಟ್ಟೆ ಉರಿಯಿತು.

ಕಾರು ಅಂಗಳದಲ್ಲಿ ಹಿಂದೆ ಹೋಯಿತು, ನಿಂತಿತು. ಮುಂದೆ ಬಂತು, ನಿಂತಿತು. ಪ್ರತಿ ಸಲವೂ ನಮ್ಮ ತಲೆ ಮುಂದಕ್ಕೆ ಮುಗ್ಗರಿಸುತ್ತಿತ್ತು. ಬದರುನ್ನೀಸಾ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು. ಸಾಬರು ಕನ್ನಡಿಯಲ್ಲಿ ಅದನ್ನು ನೋಡಿದ್ದನ್ನು ನಾನು ನೋಡಿದೆ. ಮತ್ತೊಂದು ಸಲ ಬ್ರೇಕು ಹಾಕಿದಾಗ ಎಡಗಡೆ ಮುಂದಿನಿಂದ 'ಟಕ್' ಎಂದು ಒಣಕಟ್ಟಿಗೆ ಮುರಿದಂಥ ಸದ್ದು ಬಂತು.

ಸಾಬರು ಇಳಿದು ಹೋಗಿ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ತುಂಬ ಹೊತ್ತು ಏಳಲಿಲ್ಲ. ಆಮೇಲೆ ಪಾನಾ ತೆಗೆದುಕೊಂಡು ನಟ್ಟುಗಳನ್ನು ಒಂದೊಂದಾಗಿ ಭದ್ರವಾಗಿ ಬಿಗಿದರು.

"ಬಿಡ್ತಾ ಸಾಬ್ರೇ?" ಎಂದು ದೊಡ್ಡಮ್ಮ ಕೇಳಿದರು.

"ಇಲ್ಲ ಅಮ್ಮಾವ್ರೇ." ಸಾಬರು ನೆಲ ನೋಡುತ್ತಿದ್ದರು. "ಇಲ್ಲಿ ಜಾಗ ಸಾಲ್ದು. ರೋಡ್ ಮೇಲೆ ಸ್ವಲ್ಪ ದೂರ ಓಡಿಸ್ಬೇಕು."

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳಿದರೆ ಹೇಗಿರುತ್ತದೋ ಹಾಗಿತ್ತು. ಕಿವಿ ಕೆಂಪಾಗಿತ್ತು. ದೊಡ್ಡಮ್ಮ ಅವರನ್ನೇ ನೋಡಿದರು. ಬಾಗಿಲು ತೆರೆದು ಮೆಲ್ಲಗೆ ಇಳಿದರು.

"ಹಂಗಾದ್ರೆ ಚೆನ್ನಾಗೇ ಓಡಿಸ್ಕೊಂಡ್ ಬನ್ನಿ. ನನ್ಗೆ ಸೊಂಟ ಹಿಡ್ಕೊಂತು, ಕೂರಕ್ಕಾಗಲ್ಲ. ಬದರುನ್ನೀಸಾ, ನೀನು ಇಳೀಬೇಡಮ್ಮ. ಭಾರ ಬೇಕಲ್ಲ." ನಾನು ಇಳಿಯಲು ಹೋದರೆ ಕಣ್ಣು ಬಿಟ್ಟು ನನ್ನನ್ನೂ ಕೂರಿಸಿದರು.

ಗಾಡಿ ತುಮಕೂರು ರಸ್ತೆಗೆ ಬಿತ್ತು. ಬದರುನ್ನೀಸಾ ಹಿಂದಿನ ಸೀಟಿನಲ್ಲಿ ಒಬ್ಬಳೇ, ಮನೆಯ ಯಜಮಾನಿಯ ಹಾಗೆ. ಗಾಳಿ ಜೋರಾಗಿ ಬಂತು. ಸಾಬರು ಅಷ್ಟು ನಯವಾಗಿ ನಮ್ಮ ದೊಡ್ಡಪ್ಪನನ್ನೂ ಕರೆದೊಯ್ದಿರಲಿಲ್ಲ. ಗೊರಗುಂಟೆಪಾಳ್ಯ ಬರುವಷ್ಟರಲ್ಲಿ ಹಿಂದಿನಿಂದ ಸದ್ದೇ ಇಲ್ಲ. ತಿರುಗಿ ನೋಡಿದೆ. ಬದರುನ್ನೀಸಾ ಬಾಗಿಲಿಗೆ ತಲೆ ಆನಿಸಿ, ಬಾಯಿ ತುಸು ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು. ಕಪ್ಪು ಅಂಗೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು.

ನನಗೆ ರೇಗಿಹೋಯಿತು. "ಸಾಬ್ರೇ, ಎಬ್ಬಿಸ್ರೀ ಅವ್ರನ್ನ! ಏನೂ ನೋಡ್ಲೇ ಇಲ್ಲ. ಇವತ್ತು ಬಿಟ್ರೆ ಇನ್ಯಾವತ್ತು?"

ಸಾಬರು ತುಟಿಯ ಮೇಲೆ ಬೆರಳಿಟ್ಟರು. "ಬೇಡ ತಾಯಿ" ಎಂದರು ಪಿಸುದನಿಯಲ್ಲಿ. "ಮದುವೆ ಆದಾಗ್ನಿಂದ ಅವಳು ಹಗಲು ಹೊತ್ತು ಮಲಗಿದ್ದನ್ನ ನಾನು ನೋಡಿಲ್ಲ."

ನಾನು ಮುಂದೆ ನೋಡುತ್ತ ಕೂತೆ. ಅವರು ತಿರುಗಬೇಕಾದಲ್ಲಿ ತಿರುಗಲಿಲ್ಲ. ಪೀಣ್ಯ ದಾಟಿತು, ನಾಗಸಂದ್ರ ದಾಟಿತು. ಹಳ್ಳ ಬಂದಲ್ಲೆಲ್ಲ ಎತ್ತಿನ ಗಾಡಿಗಿಂತ ನಿಧಾನವಾಗಿ ಇಳಿಸಿ ಹತ್ತಿಸಿದರು. ಮಾಕಳಿಯ ಹತ್ತಿರ ತಿರುಗಿಸಿಕೊಂಡು ಅಷ್ಟೇ ಮೆಲ್ಲಗೆ ವಾಪಸು ಬಂದರು.

ನಮ್ಮ ಗೇಟಿನಲ್ಲಿ ಇಂಜಿನ್ನು ನಿಂತಾಗಲೇ ಬದರುನ್ನೀಸಾಳಿಗೆ ಎಚ್ಚರವಾದದ್ದು. ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಇಳಿದಳು. ಬ್ಯಾಟರಾಯಪ್ಪನವರು ಜಗಲಿಯ ಮೇಲೆ ಕಾಯುತ್ತಿದ್ದರು. ಸಾಬರು ಜಾಕಿ ಹಾಕಿ, ನಟ್ಟು ಕಳಚಿ, ಚಕ್ರಕ್ಕೆ ಕೈ ಹಾಕಿದರು. ಅದು ಹಪ್ಪಳದ ಹಾಗೆ ಎದ್ದು ಬಂತು.

"ಕಚ್ಕೊಂಡಿದೆ ಅಂದ್ರಲ್ಲಮ್ಮ?" ಎಂದರು ಬ್ಯಾಟರಾಯಪ್ಪ.

"ದಾರೀಲಿ ಬಿಟ್ಟಿರ್ಬೇಕು" ಎಂದು ದೊಡ್ಡಮ್ಮ ಬೇರೆ ಕಡೆ ನೋಡಿದರು.

ಬ್ರೇಕು ಸರಿಯಾಗಿತ್ತು. ಕಾರು ಹೋಗುವುದೆಂದು ಖಾತ್ರಿಯಾಯಿತು. ಸಾಬರು ಕೊನೆಯ ಸಲ ಗಾಜು ಒರೆಸುತ್ತಿದ್ದರು. ಬದರುನ್ನೀಸಾ ಮುಟ್ಟದ ಬುತ್ತಿಯನ್ನು ಜಗಲಿಯ ಮೇಲೆ ಅವರಿಗೆಂದು ಇಟ್ಟು ಹೊರಟಳು. ನಾನು ಗೇಟಿನ ತನಕ ಹೋದೆ. ನನಗೆ ತಡೆಯಲಾಗಲಿಲ್ಲ.

"ಮಾಕಳಿವರ್ಗೂ ಹೋಗಿದ್ವಿ ಬದರಮ್ಮ. ನೀವು ಮಲಗೇ ಬಿಟ್ರಿ. ಏನೂ ನೋಡ್ಲಿಲ್ಲ."

ಆಕೆ ಒಮ್ಮೆ ಹಿಂದೆ ತಿರುಗಿ ಗಂಡನನ್ನು ನೋಡಿದಳು.

"ಚಕ್ರ ಅಂಗಳದಲ್ಲೇ ಬಿಡ್ತಲ್ಲ ತಾಯಿ, ಸದ್ದು ನನಗೂ ಕೇಳಿಸ್ತು" ಎಂದಳು. "ಆಮೇಲೂ ಇವರು ನನ್ನ ಇಳಿಸ್ಲಿಲ್ಲ. ಅದು ಗೊತ್ತಾಯ್ತಲ್ಲ, ಅಷ್ಟಕ್ಕೇ ಕಣ್ಣು ತುಂಬಾ ನಿದ್ದೆ ಬಂತು."